ದಿನಕ್ಕೊಂದು ಸಿಂಹ: ಚಿತ್ರಕಾರ ಹೊಕುಸಾಯ್

ಮುಗಿಲೆತ್ತರಕ್ಕೆ ಎದ್ದ ಅಲೆ, ಉಗುರುಗಳಂತೆ ಬಾಗಿದ ನೊರೆ, ಅದರ ಬುಡದಲ್ಲಿ ಸಿಕ್ಕಿಕೊಂಡ ಮೂರು ದೋಣಿಗಳು, ದೂರದಲ್ಲಿ ಪುಟ್ಟದಾಗಿ ಕಾಣುವ ಫುಜಿ ಪರ್ವತ. ಈ ಜಪಾನೀ ಚಿತ್ರವನ್ನು ಪುಸ್ತಕದಲ್ಲೋ ಮೊಬೈಲ್‌ನಲ್ಲೋ ನಮ್ಮಲ್ಲಿ ಬಹಳಷ್ಟು ಮಂದಿ ನೋಡಿರುತ್ತೇವೆ. ಇದನ್ನು ಬರೆದ ಕತ್ಸುಶಿಕಾ ಹೊಕುಸಾಯ್ ಅವರಿಗೆ ಆಗ ಸುಮಾರು 70 ವರ್ಷ.

ಹೊಕುಸಾಯ್ ಹುಟ್ಟಿದ್ದು 1760ರಲ್ಲಿ, ಈಗ ಟೋಕಿಯೊ ಎನಿಸಿರುವ ಎಡೊ ನಗರದಲ್ಲಿ. ಆರನೆಯ ವಯಸ್ಸಿನಿಂದಲೇ ಕಂಡದ್ದನ್ನೆಲ್ಲ ಚಿತ್ರಿಸುವ ಹುಚ್ಚು ಅವರಿಗೆ ಹಿಡಿದಿತ್ತು. ಹುಡುಗನಾಗಿದ್ದಾಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಲ್ಲಿ ದುಡಿದರು. ನಂತರ ಮುದ್ರಣಕ್ಕೆ ಮರದ ಅಚ್ಚು ಕೆತ್ತುವ ಕೆಲಸ ಕಲಿತರು. ಹದಿನೆಂಟರ ಸುಮಾರಿಗೆ ಶುನ್‌ಶೋ ಎಂಬ ಹೆಸರಾಂತ ಚಿತ್ರಕಾರರ ಶಿಷ್ಯರಾಗಿ ರಂಗನಟರ ಚಿತ್ರಗಳನ್ನು ಬರೆದರು. ಗುರುಗಳು ತೀರಿಕೊಂಡ ಬಳಿಕ ಆ ಬಳಗದಿಂದ ಹೊರಬಿದ್ದರು. ಆಮೇಲೆ ಅವರು ಒಂದೇ ಶೈಲಿಗೆ ಅಂಟಿಕೊಳ್ಳಲಿಲ್ಲ. ಯುರೋಪಿನ ಚಿತ್ರಗಳಲ್ಲಿ ದೂರ ಹತ್ತಿರಗಳನ್ನು ತೋರಿಸುವ ಬಗೆಯನ್ನೂ ಗಮನಿಸಿ ಕಲಿತರು.

ಇಂದು ಡಿಸೈನ್ ಓದುವವರಿಗೆ ಹತ್ತಿರವಾಗುವ ಎರಡು ಕೆಲಸಗಳು ಅವರ ಐವತ್ತರ ನಂತರ ಹೊರಬಂದವು. 1812ರ ಪುಸ್ತಕವೊಂದರಲ್ಲಿ ಯಾವುದೇ ಆಕಾರವನ್ನು ವೃತ್ತ ಮತ್ತು ಚೌಕಗಳಿಂದ ಕಟ್ಟುವುದು ಹೇಗೆಂದು ತೋರಿಸಿದರು. 1814ರಲ್ಲಿ ‘ಹೊಕುಸಾಯ್ ಮಾಂಗಾ’ದ ಮೊದಲ ಸಂಪುಟ ಬಂತು. ಅದು ಕಥೆಯಿರುವ ಕಾಮಿಕ್ ಅಲ್ಲ, ಕಲಿಯುವವರು ನೋಡಿ ಬರೆಯಲೆಂದು ಅಚ್ಚು ಹಾಕಿಸಿದ ಸ್ಕೆಚ್ ಪುಸ್ತಕ. ಕುಸ್ತಿಪಟುಗಳು, ಸ್ನಾನ ಮಾಡುವವರು, ಕೂಲಿಕಾರರು, ಹುಳುಹುಪ್ಪಟೆ, ಮನೆಯ ಮಾಡು, ಸೇತುವೆ, ಗಾಳಿಗೆ ಹಾರಿಹೋಗುವ ಟೋಪಿ ಹೀಗೆ ಅದರಲ್ಲಿ ಇಲ್ಲದ್ದೇ ಇಲ್ಲ. ಒಟ್ಟು 15 ಸಂಪುಟಗಳು ಬಂದವು. ಕೊನೆಯದು ಪ್ರಕಟವಾದದ್ದು ಅವರು ತೀರಿಕೊಂಡು ಹಲವು ವರ್ಷಗಳ ಮೇಲೆ, 1878ರಲ್ಲಿ.

ಹೆಸರು ಬಂದರೂ ನೆಮ್ಮದಿ ಬರಲಿಲ್ಲ. ಅರುವತ್ತರ ಕೊನೆಗೆ ಪಾರ್ಶ್ವವಾಯು ಬಡಿಯಿತು. 1828ರಲ್ಲಿ ಪತ್ನಿ ತೀರಿಕೊಂಡರು. ಮೊಮ್ಮಗ ಜೂಜಿನಲ್ಲಿ ಮಾಡಿದ ಸಾಲ ಅಜ್ಜನ ತಲೆಗೆ ಬಂತು. ಆ ಕಷ್ಟದ ದಿನಗಳ ಬೆನ್ನಿಗೇ ಫುಜಿ ಪರ್ವತದ ಚಿತ್ರಮಾಲೆ ಸಿದ್ಧವಾಯಿತು. ಹೆಸರಿನಲ್ಲಿ 36 ನೋಟಗಳೆಂದಿದ್ದರೂ ಕೊನೆಗೆ ಅದರಲ್ಲಿ 46 ಚಿತ್ರಗಳಾದವು. ಮಹಾ ಅಲೆಯ ಚಿತ್ರ ಇದೇ ಮಾಲೆಯದು.

1839ರಲ್ಲಿ ಮನೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂಡಿಟ್ಟಿದ್ದ ಸ್ಕೆಚ್‌ಗಳು ಬೂದಿಯಾದವು. ಎಂಬತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಇನ್ನು ಸಾಕೆಂದು ಕುಂಚ ಕೆಳಗಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ 1842ರ ಕೊನೆಯ ಹೊತ್ತಿಗೆ ಅವರು ಹೊಸದೊಂದು ಅಭ್ಯಾಸ ಶುರು ಮಾಡಿದರು. ದಿನಕ್ಕೊಂದು ಸಿಂಹದ ಚಿತ್ರ ಬರೆದು ಅದರ ಮೇಲೆ ತಾರೀಕು ಹಾಕುವುದು. ಕೇಡು ದೂರವಾಗಲಿ ಎಂಬುದು ಅದರ ಹಿಂದಿದ್ದ ನಂಬಿಕೆ. ಮಲಗಿದ ಸಿಂಹ, ಕುಣಿಯುವ ಸಿಂಹ, ಓಡುವ ಸಿಂಹ. ಶಾಯಿಯಲ್ಲಿ ಸರಸರನೆ ಎಳೆದ ಕೆಲವೇ ಗೆರೆಗಳು. 200ಕ್ಕೂ ಹೆಚ್ಚು ಸಿಂಹಗಳು ಈಗಲೂ ಉಳಿದಿವೆ.

ಚಿತ್ರಕಲಾವಿದೆಯಾಗಿದ್ದ ಮಗಳು ಓಯಿ ಕೊನೆಯ ವರ್ಷಗಳಲ್ಲಿ ತಂದೆಯ ಜೊತೆಗಿದ್ದು ಕೆಲಸಕ್ಕೂ ನೆರವಾದರು. ಎಪ್ಪತ್ತರವರೆಗೆ ತಾನು ಬರೆದದ್ದು ಲೆಕ್ಕಕ್ಕೇ ಇಲ್ಲವೆಂದೂ, ನೂರಹತ್ತು ವರ್ಷ ಬದುಕಿದರೆ ಪ್ರತಿ ಗೆರೆಗೂ ಜೀವ ಬಂದೀತೆಂದೂ ಹೊಕುಸಾಯ್ ಬರೆದಿಟ್ಟಿದ್ದರು. ಅಷ್ಟು ಆಯುಷ್ಯ ಸಿಗಲಿಲ್ಲ. 1849ರಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಗೆಳೆಯರೇ, ಬೆಂಕಿ ಸುಟ್ಟದ್ದು ಅವರ ಹಾಳೆಗಳನ್ನು ಮಾತ್ರ. ದಿನದಿನವೂ ಬರೆದು ಪಳಗಿದ ಕೈ ಉಳಿದಿತ್ತು, ಆದ್ದರಿಂದಲೇ ಮರುದಿನ ಮತ್ತೆ ಬರೆಯಲು ಸಾಧ್ಯವಾಯಿತು. ಚಿತ್ರ ಚೆನ್ನಾಗಿ ಬರುವುದಿಲ್ಲವೆಂದು ಪುಸ್ತಕ ಮುಚ್ಚಿಟ್ಟವರು ಇಂದು ಅದನ್ನು ತೆರೆಯಿರಿ. ಎದುರಿಗಿರುವ ಚಪ್ಪಲಿಯನ್ನೋ ಟೀ ಲೋಟವನ್ನೋ ನೋಡಿ ಬರೆಯಿರಿ, ಕೆಳಗೆ ತಾರೀಕು ಹಾಕಿ. ನಾಳೆ ಇನ್ನೊಂದು.