ಕೃಪಾಂಕದ ಪದವೀಧರ: ಬಂಕಿಮಚಂದ್ರ

ಕಲ್ಕತ್ತಾ ವಿಶ್ವವಿದ್ಯಾನಿಲಯವು 1858ರ ಏಪ್ರಿಲಿನಲ್ಲಿ ತನ್ನ ಮೊತ್ತಮೊದಲ ಬಿ.ಎ. ಪರೀಕ್ಷೆಯನ್ನು ನಡೆಸಿತು. ಹೆಸರು ನೋಂದಾಯಿಸಿದವರು 13 ಮಂದಿ. ಪರೀಕ್ಷೆಗೆ ಕುಳಿತವರು 10. ಮೌಲ್ಯಮಾಪನ ಮುಗಿದಾಗ ಒಬ್ಬನೂ ತೇರ್ಗಡೆಯಾಗಿರಲಿಲ್ಲ. ಅನುತ್ತೀರ್ಣರ ಆ ಪಟ್ಟಿಯಲ್ಲಿ, ಇಪ್ಪತ್ತು ವರ್ಷ ಇನ್ನೂ ತುಂಬದ ಬಂಕಿಮಚಂದ್ರ ಚಟ್ಟೋಪಾಧ್ಯಾಯರ ಹೆಸರೂ ಇತ್ತು.

ಬಂಕಿಮರು ದಡ್ಡ ವಿದ್ಯಾರ್ಥಿಯಾಗಿದ್ದವರಲ್ಲ. 1838ರ ಜೂನ್ ತಿಂಗಳಲ್ಲಿ, ಹೂಗ್ಲಿ ನದಿಯ ದಂಡೆಯ ನೈಹಾಟಿಗೆ ಸೇರಿದ ಕಾಂಠಾಲಪಾಡಾದಲ್ಲಿ ಹುಟ್ಟಿದ ಅವರು, ತಂದೆ ಯಾದವಚಂದ್ರರು ಡೆಪ್ಯುಟಿ ಕಲೆಕ್ಟರಾಗಿದ್ದ ಮೇದಿನಿಪುರದ ಇಂಗ್ಲಿಷ್ ಶಾಲೆಯಲ್ಲಿ ಅಕ್ಷರ ಕಲಿತರು. ಮುಂದೆ ಹೂಗ್ಲಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನಗಳನ್ನು ಗೆದ್ದರು. 1856ರಲ್ಲಿ ಕಾನೂನು ಓದಲೆಂದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಮರುವರ್ಷ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದರ ಮೊದಲ ಪ್ರವೇಶ ಪರೀಕ್ಷೆಯಲ್ಲಿ ಅವರು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಹೀಗಿದ್ದ ವಿದ್ಯಾರ್ಥಿ ಒಂದೇ ವರ್ಷದಲ್ಲಿ ಅನುತ್ತೀರ್ಣನಾದುದು ಹೇಗೆ?

ಉತ್ತರವು ವಿದ್ಯಾರ್ಥಿಗಿಂತ ಹೆಚ್ಚಾಗಿ ಅಳತೆಗೋಲಿನಲ್ಲಿದೆ. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ಮೂರೂ ವಿಶ್ವವಿದ್ಯಾನಿಲಯಗಳಿಗೆ ಲಂಡನ್ ವಿಶ್ವವಿದ್ಯಾನಿಲಯವೇ ಮಾದರಿ. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪರೀಕ್ಷಿಸಿ ಪದವಿ ಕೊಡುವುದಷ್ಟೇ ವಿಶ್ವವಿದ್ಯಾನಿಲಯದ ಕೆಲಸ. ಹೊಸ ಸಂಸ್ಥೆಯ ಮಾನವೆಲ್ಲ ಪರೀಕ್ಷೆಯ ಬಿಗಿಯಲ್ಲೇ ಇತ್ತು. ಪದವಿ ಅಗ್ಗವಾಯಿತೆಂದು ಯಾರೂ ಆಡಿಕೊಳ್ಳಬಾರದು. ಕಲಿಸುವ ಕೈ ಒಂದು, ಅಳೆಯುವ ಕೈ ಇನ್ನೊಂದು ಆದಾಗ ನಡುವಿನ ಅಂತರದಲ್ಲಿ ಬೀಳುವವನು ವಿದ್ಯಾರ್ಥಿಯೇ. ಪ್ರವೇಶ ಪರೀಕ್ಷೆಗೂ ಪದವಿ ಪರೀಕ್ಷೆಗೂ ನಡುವೆ ಇದ್ದುದು ಒಂದೇ ವರ್ಷ. ಅದೂ ಉತ್ತರ ಭಾರತವೆಲ್ಲ ದಂಗೆಯಿಂದ ಹೊತ್ತಿ ಉರಿದ ವರ್ಷ. ಮೇಲಾಗಿ ಆರು ವಿಷಯಗಳಲ್ಲಿಯೂ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕಿತ್ತು. ಒಂದರಲ್ಲಿ ಎಷ್ಟೇ ಅಂಕ ಗಳಿಸಿದರೂ ಇನ್ನೊಂದರ ಕೊರತೆ ತುಂಬುತ್ತಿರಲಿಲ್ಲ.

ಬಂಕಿಮರೂ ಯದುನಾಥ ಬಸು ಎಂಬ ಇನ್ನೊಬ್ಬ ವಿದ್ಯಾರ್ಥಿಯೂ ಐದು ವಿಷಯಗಳಲ್ಲಿ ಚೆನ್ನಾಗಿಯೇ ತೇರ್ಗಡೆಯಾಗಿದ್ದರು. ಆರನೆಯದರಲ್ಲಿ ಮಾತ್ರ ಕೊರತೆ. ಅದೂ ಏಳು ಅಂಕಗಳನ್ನು ಮೀರಿದ್ದಲ್ಲ. ಪರೀಕ್ಷಕರ ಶಿಫಾರಸಿನಂತೆ ವಿಶ್ವವಿದ್ಯಾನಿಲಯವು ಇಬ್ಬರಿಗೂ ವಿಶೇಷ ಕೃಪೆಯಿಂದ ಪದವಿ ನೀಡಿ, ದ್ವಿತೀಯ ದರ್ಜೆಯಲ್ಲಿರಿಸಿತು. ಇದನ್ನು ಮುಂದಿನ ವರ್ಷಗಳಿಗೆ ಮೇಲ್ಪಂಕ್ತಿಯೆಂದು ಭಾವಿಸಕೂಡದೆಂಬ ಷರತ್ತನ್ನೂ ದಾಖಲಿಸಿತು. ಕೃಪಾಂಕವೆಂಬ ಪದ್ಧತಿ ಇಂದು ಎಷ್ಟು ಸಾಮಾನ್ಯವೆಂಬುದನ್ನು ನೆನೆದರೆ ಆ ಷರತ್ತಿಗೆ ನಗುವೇ ಬರುತ್ತದೆ. ಆದರೂ ಆ ಕೃಪೆ ಒದಗದಿದ್ದರೆ ವಿಶ್ವವಿದ್ಯಾನಿಲಯದ ಮೊದಲ ವರ್ಷದ ಪಟ್ಟಿ ಬರಿದಾಗಿಯೇ ಉಳಿಯುತ್ತಿತ್ತು. ಉಪಕಾರ ಪಡೆದವರು ವಿದ್ಯಾರ್ಥಿಗಳು ಮಾತ್ರವೇ ಎಂದು ಹೇಳಲಾಗದು.

ಅದೇ ವರ್ಷ ಸರಕಾರವು ಅವರನ್ನು ಜೆಸ್ಸೋರಿಗೆ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿ ಕಳುಹಿಸಿತು. 1891ರವರೆಗೆ ಊರೂರು ಅಲೆದ ಸೇವೆ. ನಡುವೆಯೇ ಬಿಟ್ಟಿದ್ದ ಕಾನೂನು ಪದವಿಯನ್ನು 1869ರಲ್ಲಿ, ನೌಕರಿಯಲ್ಲಿದ್ದುಕೊಂಡೇ ಪೂರೈಸಿದರು. ಕಚೇರಿಯ ಕಡತಗಳ ನಡುವೆ 1865ರಲ್ಲಿ 'ದುರ್ಗೇಶನಂದಿನಿ' ಬಂತು, ಮರುವರ್ಷ 'ಕಪಾಲಕುಂಡಲಾ'. 1872ರಲ್ಲಿ ಅವರು ಆರಂಭಿಸಿದ 'ಬಂಗದರ್ಶನ' ಪತ್ರಿಕೆ ಬಂಗಾಳಿ ಗದ್ಯಕ್ಕೆ ಹೊಸ ಹದ ತಂದಿತು.

ಕನ್ನಡದ ವಿದ್ಯಾರ್ಥಿಗಳಿಗೆ ಬಂಕಿಮರು ಪರಕೀಯರಲ್ಲ. ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ಸ್ವಪ್ರಯತ್ನದಿಂದ ಬಂಗಾಳಿ ಕಲಿತು 1885ರಲ್ಲಿ 'ದುರ್ಗೇಶನಂದಿನಿ'ಯನ್ನು ಕನ್ನಡಕ್ಕೆ ತಂದರು. ಬಂಕಿಮರ ಇತರ ಕಾದಂಬರಿಗಳೂ ಅದರ ಬೆನ್ನಿಗೇ ಬಂದವು. ಕನ್ನಡ ಕಾದಂಬರಿಯ ಓದುಗವರ್ಗ ಬೆಳೆದದ್ದು ಬಹುಮಟ್ಟಿಗೆ ಈ ಅನುವಾದಗಳಿಂದ. ವೆಂಕಟಾಚಾರ್ಯರ ಬಂಗಾಳಿಗೆ ಅಂಕ ಹಾಕಿದ ಪರೀಕ್ಷಕನೇ ಇರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಇತ್ತ ಕಲ್ಕತ್ತಾ ವಿಶ್ವವಿದ್ಯಾನಿಲಯವು 1885ರಲ್ಲಿ ತನ್ನ ಹಳೆಯ ದ್ವಿತೀಯ ದರ್ಜೆಯ ಪದವೀಧರನನ್ನು ಸೆನೆಟ್ಟಿನ ಸದಸ್ಯನನ್ನಾಗಿಸಿತು. 1892ರಲ್ಲಿ, ಪ್ರವೇಶ ಪರೀಕ್ಷೆಯ ವಿದ್ಯಾರ್ಥಿಗಳು ಓದಬೇಕಾದ ಬಂಗಾಳಿ ಪಠ್ಯಸಂಕಲನವನ್ನು ಸಿದ್ಧಪಡಿಸಿದವರೂ ಅವರೇ. 1894ರ ಏಪ್ರಿಲ್ 8ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು.