ಕತ್ತಿನ ಸ್ಕ್ಯಾನ್ ಹಿಂದೆ ಒಬ್ಬ ಎಲೆಕ್ಟ್ರಿಕಲ್ ವಿದ್ಯಾರ್ಥಿ

ಕುರೆಕುಪ್ಪ, ತೋರಣಗಲ್ಲು ಕಡೆ ಲಾರಿಗಳ ಮಧ್ಯೆ ಬೈಕ್ ಓಡಿಸೋರಿಗೆ ಗೊತ್ತು, ಬಿದ್ದರೆ ಮೊದಲ ಭಯ ಕತ್ತಿನದ್ದೇ. ಪಕ್ಕದಿಂದ ಎಕ್ಸ್‌-ರೇ ತೆಗೆದರೆ ಕತ್ತಿನ ಏಳೂ ಮೂಳೆ ಕಾಣಬೇಕು. ಆದರೆ ಎಷ್ಟೋ ಸಲ ಭುಜದ ನೆರಳು ಬಿದ್ದು ಕೆಳಗಿನವು ಮುಚ್ಚಿಹೋಗ್ತವೆ. ಆಗ ಡಾಕ್ಟರು ಸಿ.ಟಿ. ಸ್ಕ್ಯಾನ್ ಬರೆದುಕೊಡ್ತಾರೆ. ಆ ಸ್ಕ್ಯಾನಿನ ಲೆಕ್ಕದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಅದು ಜಿ.ಎನ್. ರಾಮಚಂದ್ರನ್ ಅವರಿಂದ ಬಂದದ್ದು.

ಅವರು ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ಗೆ. ಮನಸ್ಸೆಲ್ಲ ಭೌತಶಾಸ್ತ್ರದ ಮೇಲಿತ್ತು. ಬೇಗನೇ ಸಿ.ವಿ. ರಾಮನ್ ಅವರ ವಿಭಾಗಕ್ಕೆ ಬದಲಾಯಿಸಿಕೊಂಡರು. ಹರಳುಗಳಿಗೆ ಎಕ್ಸ್‌-ರೇ ಹಾಯಿಸಿ ಒಳರಚನೆ ಕಂಡುಹಿಡಿಯುವ ವಿದ್ಯೆ ಅಲ್ಲಿಂದ ಅವರ ಕೈಹಿಡಿಯಿತು. ಕೇಂಬ್ರಿಡ್ಜ್‌ನಲ್ಲಿ ಪಿಎಚ್‌.ಡಿ. ಮುಗಿಸಿ, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋದರು.

1954ರಲ್ಲಿ ಗೋಪಿನಾಥ್ ಕರ್ತಾ ಜೊತೆ ಕೊಲಾಜೆನ್ ಪ್ರೋಟೀನು ಮೂರೆಳೆಯ ಹುರಿ ಅಂತ ತೋರಿಸಿದರು. ಚರ್ಮ, ಮೂಳೆ, ಕತ್ತಿನ ಮೂಳೆಗಳ ನಡುವಿನ ಡಿಸ್ಕು, ಎಲ್ಲದರಲ್ಲೂ ಇರೋದು ಇದೇ. ಆ ಮಾದರಿಯಲ್ಲಿ ಪರಮಾಣುಗಳು ಅತಿ ಹತ್ತಿರ ಬಂದಿವೆ ಅಂತ ಹೊರದೇಶದವರು ಆಕ್ಷೇಪ ಎತ್ತಿದರು. ರಾಮಚಂದ್ರನ್ ವಾದಕ್ಕೆ ಇಳಿಯಲಿಲ್ಲ. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಹುದು ಅಂತ ಲೆಕ್ಕ ಹಾಕಲು ಕೂತರು. 1963ರ ರಾಮಚಂದ್ರನ್ ನಕ್ಷೆ ಹುಟ್ಟಿದ್ದು ಹಾಗೆ. ಪ್ರೋಟೀನಿನ ರಚನೆ ಸರಿಯಿದೆಯೋ ಇಲ್ಲವೋ ನೋಡೋಕೆ ಇವತ್ತಿಗೂ ಅದೇ ಬೇಕು.

ಬೆಂಗಳೂರಿಗೆ ವಾಪಸಾದ ಮೇಲೆ, 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಇನ್ನೊಂದು ಪ್ರಬಂಧ ಬರೆದರು. ಸುತ್ತಲಿಂದ ತೆಗೆದ ಎಕ್ಸ್‌-ರೇ ನೆರಳುಗಳನ್ನು ಹಾಗೇ ಕೂಡಿಸಿದರೆ ಚಿತ್ರ ಮಸುಕಾಗುತ್ತೆ. ಅದನ್ನು ತಿದ್ದೋಕೆ ಫೂರಿಯೆ ಲೆಕ್ಕ ಬೇಕಿತ್ತು, ಆಗಿನ ಕಂಪ್ಯೂಟರಿಗೆ ಅದು ದೊಡ್ಡ ಹೊರೆ. ಇವರು ಪ್ರತಿ ನೆರಳನ್ನೂ ಮೊದಲು ಕಾನ್ವೊಲ್ಯೂಷನ್‌ನಿಂದ ಸೋಸಿ, ಆಮೇಲೆ ಕೂಡಿಸುವ ದಾರಿ ತೋರಿಸಿದರು. ಕೆಲಸ ಹಗುರವಾಯಿತು, ಚಿತ್ರ ಸ್ಪಷ್ಟವಾಯಿತು.

ಅದೇ ವರ್ಷ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. ಸಿ.ಟಿ.ಗೆ 1979ರ ನೊಬೆಲ್ ಹೌನ್ಸ್‌ಫೀಲ್ಡ್, ಕಾರ್ಮಾಕ್ ಇಬ್ಬರಿಗೆ ಬಂತು. ರಾಮಚಂದ್ರನ್‌ಗೆ ನೊಬೆಲ್ ಬರಲೇ ಇಲ್ಲ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.

ಸಿಗ್ನಲ್ಸ್ ಕ್ಲಾಸಿನಲ್ಲಿ ಕಾನ್ವೊಲ್ಯೂಷನ್ ಯಾಕಪ್ಪಾ ಕಲೀಬೇಕು ಅನ್ನಿಸಿದಾಗ ಲ್ಯಾಬಿನಲ್ಲಿ ಮ್ಯಾಟ್‌ಲ್ಯಾಬ್ ತೆರೆದು ಐರೇಡಾನ್ ಫಂಕ್ಷನ್ ನೋಡಿ. ನೀವೇನೂ ಆರಿಸದಿದ್ದರೆ ಅದು ತಾನಾಗೇ ಬಳಸೋ ಫಿಲ್ಟರಿನ ಹೆಸರು ರಾಮ್-ಲ್ಯಾಕ್. ರಾಮಚಂದ್ರನ್, ಲಕ್ಷ್ಮೀನಾರಾಯಣನ್.