ರೇಸ್ ಕಾರು ಓಡಿಸಿದ ಕಮ್ಮಾರರ ಮಗ



ಹೋಂಡಾ ಅಂದ ಕೂಡಲೇ ನಮಗೆ ನೆನಪಾಗೋದು ಗಾಡಿ. ನಮ್ಮ ಲಕ್ಕವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಆ ಹೆಸರಿನ ಒಂದಾದರೂ ಗಾಡಿ ಕಣ್ಣಿಗೆ ಬೀಳುತ್ತದೆ. ಆದರೆ ಅದು ಒಬ್ಬ ಮನುಷ್ಯರ ಹೆಸರು, ಅವರು ರೇಸ್ ಕಾರು ಓಡಿಸುತ್ತಿದ್ದರು ಅಂತ ನನಗೆ ಈಚೆಗೆ ಗೊತ್ತಾಯಿತು. ಅವರ ಬಗ್ಗೆ ಬರೆಯೋಕೆ ನನಗೆ ಇನ್ನೊಂದು ಕಾರಣವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಸೊಯಿಚಿರೊ ಹೋಂಡಾ ಅವರು 1906ರ ನವೆಂಬರ್ 17ರಂದು ಜಪಾನಿನ ಶಿಜುವೊಕಾ ಪ್ರಾಂತ್ಯದ ಕೊಮ್ಯೊ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಗಿಹೆಯಿ ಅವರದು ಕುಲುಮೆ. ಜೊತೆಗೆ ಸೈಕಲ್ ರಿಪೇರಿಯೂ ಇತ್ತು. ತಾಯಿ ಮಿಕಾ ಬಟ್ಟೆ ನೇಯುತ್ತಿದ್ದರು. ಚಿಕ್ಕವರಿದ್ದಾಗ ಹಳ್ಳಿಗೆ ಮೊದಲ ಸಲ ಒಂದು ಕಾರು ಬಂತು. ಹುಡುಗ ಅದರ ಹಿಂದೆ ಓಡಿದ. ಕಾರು ನಿಂತ ಜಾಗದಲ್ಲಿ ನೆಲಕ್ಕೆ ಬಿದ್ದಿದ್ದ ಆಯಿಲ್ ಮೂಸಿ ನೋಡಿ ಕೈಗೆ ಸವರಿಕೊಂಡನಂತೆ.

ಶಾಲೆಯಲ್ಲಿ ಮಾತ್ರ ಅಷ್ಟಕ್ಕಷ್ಟೆ. ಅಂಕಪಟ್ಟಿಗೆ ಮನೆಯವರ ಹೆಸರಿನ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ಇವರು ಸೈಕಲ್ ಪೆಡಲಿನ ರಬ್ಬರ್ ಕೊರೆದು ತಾವೇ ಮುದ್ರೆ ಮಾಡಿದರು! ಹೋಂಡಾ ಎಂದು ಅವರ ಲಿಪಿಯಲ್ಲಿ ಬರೆದರೆ ಎಡಗಡೆ ಬಲಗಡೆ ಒಂದೇ ಥರ ಇರುತ್ತದೆ, ಕನ್ನಡಿಯಲ್ಲಿ ನೋಡಿದರೂ ಅದೇ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಗೆಳೆಯರಿಗೂ ಮಾಡಿಕೊಟ್ಟರು. ಅವರ ಹೆಸರುಗಳು ಉಲ್ಟಾ ಬಿದ್ದು ಎಲ್ಲರೂ ಸಿಕ್ಕಿಬಿದ್ದರು. (ಇದನ್ನು ಓದಿ ಯಾರೂ ಪ್ರಯತ್ನ ಮಾಡಬೇಡಿ. ಮೇಷ್ಟ್ರು ನನ್ನನ್ನೇ ಹಿಡಿಯುತ್ತಾರೆ.)

1922ರಲ್ಲಿ ಟೋಕಿಯೊದ ಆರ್ಟ್ ಶೋಕಾಯ್ ಎಂಬ ಗ್ಯಾರೇಜಿಗೆ ಕೆಲಸಕ್ಕೆ ಸೇರಿದರು. ಸ್ಪ್ಯಾನರ್ ಕೈಗೆ ಸಿಗಲಿಲ್ಲ, ಮೊದಲ ಕೆಲವು ತಿಂಗಳು ಯಜಮಾನರ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸುವುದೇ ಕೆಲಸ. 1923ರ ಸೆಪ್ಟೆಂಬರ್ 1ರ ದೊಡ್ಡ ಭೂಕಂಪದಲ್ಲಿ ಆ ಗ್ಯಾರೇಜೂ ಸುಟ್ಟುಹೋಯಿತು. ಹೆಚ್ಚಿನ ಕೆಲಸಗಾರರು ಊರಿಗೆ ಹೋದರು, ಇವರು ಉಳಿದುಕೊಂಡರು.

ಯಜಮಾನರಾದ ಯುಜೊ ಸಕಾಕಿಬಾರಾ ಅವರಿಗೆ ರೇಸಿನ ಹುಚ್ಚು. ಕರ್ಟಿಸ್ ಎಂಬ ಹಳೆ ವಿಮಾನದ ಎಂಜಿನ್ ತಂದು ಕಾರಿಗೆ ಕೂರಿಸಿದರು. ಆಗಿನ ರೇಸುಗಳಲ್ಲಿ ಓಡಿಸುವವರ ಪಕ್ಕ ಮೆಕ್ಯಾನಿಕ್ ಕೂರುತ್ತಿದ್ದರು. 1924ರ ನವೆಂಬರ್ 23ರಂದು ಯಜಮಾನರ ತಮ್ಮ ಶಿನಿಚಿ ಓಡಿಸಿದರು, ಪಕ್ಕದಲ್ಲಿ ಹೋಂಡಾ ಕೂತಿದ್ದರು. ಕಾರು ಗೆದ್ದಿತು. ಹೋಂಡಾ ಅವರಿಗೆ 18 ತುಂಬಿ ಇನ್ನೂ ಒಂದು ವಾರವೂ ಆಗಿರಲಿಲ್ಲ. ಆವತ್ತು ಹಿಡಿದ ಹುಚ್ಚು ಕೊನೆವರೆಗೂ ಬಿಡಲಿಲ್ಲ.

1928ರಲ್ಲಿ ಹಮಾಮತ್ಸು ಪಟ್ಟಣದಲ್ಲಿ ತಾವೇ ಗ್ಯಾರೇಜ್ ಶುರು ಮಾಡಿದರು. 1936ರ ಜೂನ್ 7ರಂದು ಟೋಕಿಯೊ ಹತ್ತಿರ, ತಮಾ ನದಿಯ ದಂಡೆ ಮೇಲೆ ಕಟ್ಟಿದ ಹೊಸ ಟ್ರ್ಯಾಕಿನಲ್ಲಿ ರೇಸು ನಡೆಯಿತು. ಫೋರ್ಡ್ ಎಂಜಿನ್ನಿನ ಕಾರನ್ನು ತಾವೇ ಸಿದ್ಧಮಾಡಿ ಹೋಂಡಾ ಓಡಿಸಿದರು. ಈ ಸಲ ಪಕ್ಕದಲ್ಲಿ ಕೂತವರು ಅವರ ಸ್ವಂತ ತಮ್ಮ ಬೆಂಜಿರೊ. ರಿಪೇರಿಗೆ ನಿಂತಿದ್ದ ಒಂದು ಕಾರು ಟ್ರ್ಯಾಕಿಗೆ ಬಂದು ಅಡ್ಡವಾಯಿತು. ಇವರ ಕಾರು ಅದಕ್ಕೆ ಬಡಿದು ಪಲ್ಟಿ ಹೊಡೆಯಿತು. ಅಣ್ಣ ತಮ್ಮ ಇಬ್ಬರೂ ಹೊರಗೆ ಎಸೆಯಲ್ಪಟ್ಟರು. ಹೋಂಡಾ ಗಾಯಗಳಲ್ಲಿ ಪಾರಾದರು. ತಮ್ಮನಿಗೆ ಬೆನ್ನುಮೂಳೆಗೇ ಪೆಟ್ಟಾಯಿತು.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಹೋದ ಬೇಸಿಗೆಯಲ್ಲಿ ಡ್ಯಾಂ ಕಡೆಯ ತಿರುವಿನಲ್ಲಿ ನಮ್ಮಣ್ಣನ ಬೈಕು ಬಿತ್ತಲ್ಲ, ಹಿಂದೆ ಕೂತಿದ್ದವನು ನಾನು. ಜೋರಾಗಿ ಹೋಗಣ್ಣ ಅಂದವನೂ ನಾನೇ. ನನಗೆ ಮೊಣಕಾಲು ತರಚಿತು ಅಷ್ಟೆ, ಅಣ್ಣನ ಕೈ ಮುರಿಯಿತು. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಅಪ್ಪಾಜಿ ಬೈಕನ್ನು ಕೊಟ್ಟಿಗೆಗೆ ತಳ್ಳಿ ಯಾರೂ ಮುಟ್ಟಬಾರದು ಅಂದರು.

ಹೋಂಡಾ ಅವರೂ ಆಮೇಲೆ ಸ್ವಲ್ಪ ಕಾಲದಲ್ಲೇ ರೇಸು ಓಡಿಸುವುದನ್ನು ಬಿಟ್ಟರು. ಎಂಜಿನ್ ಬಿಡಲಿಲ್ಲ. ಪಿಸ್ಟನ್ ರಿಂಗ್ ಮಾಡಲು ಹೊರಟರು. ಟೊಯೋಟಾ ಕಂಪನಿಗೆ 50 ರಿಂಗ್ ಕೊಟ್ಟರೆ 3 ಮಾತ್ರ ಪಾಸಾದವು. ಲೋಹದ ಪಾಠ ಗೊತ್ತಿಲ್ಲದ್ದೇ ಕಾರಣ ಅಂತ ತಿಳಿದು, ಅಷ್ಟು ದೊಡ್ಡವರಾದ ಮೇಲೆ ಮತ್ತೆ ಶಾಲೆಗೆ ಹೋದರು. ಪಾಠ ಕೇಳಿದರು, ಪರೀಕ್ಷೆ ಬರೆಯಲಿಲ್ಲ. ಅಲ್ಲಿಂದ ಹೊರಗೆ ಹಾಕಿದರು. ರಿಂಗ್ ಮಾಡುವುದು ಮಾತ್ರ ಕಲಿತಿದ್ದರು.

ಯುದ್ಧ ಮುಗಿದ ಮೇಲೆ 1946ರಲ್ಲಿ, ಸೈನ್ಯದ ವೈರ್‌ಲೆಸ್ಸಿಗೆ ಬಳಸುತ್ತಿದ್ದ ಸಣ್ಣ ಎಂಜಿನ್ನುಗಳನ್ನು ಸೈಕಲ್ಲಿಗೆ ಕಟ್ಟಿದರು. ಮೊದಲನೆಯದಕ್ಕೆ ಪೆಟ್ರೋಲ್ ಟ್ಯಾಂಕು ಯಾವುದು ಗೊತ್ತಾ? ಚಳಿಗೆ ಕಾಲು ಕಾಯಿಸುವ ಬಿಸಿನೀರಿನ ಡಬ್ಬ! 1948ರಲ್ಲಿ ಹೋಂಡಾ ಮೋಟಾರ್ ಕಂಪನಿ ಆಯಿತು.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಐಲ್ ಆಫ್ ಮ್ಯಾನ್ ಅಂತ ಒಂದು ದ್ವೀಪವಿದೆ. ಅಲ್ಲಿನ ಟಿ.ಟಿ. ಬೈಕ್ ರೇಸು ಗೆಲ್ಲುತ್ತೇವೆ ಎಂದು 1954ರಲ್ಲಿ ಸಾರಿದರು. 1959ರಲ್ಲಿ ಮೊದಲ ಸಲ ಹೋದಾಗ ಸಿಕ್ಕಿದ್ದು 6ನೇ ಸ್ಥಾನ. 1961ರಲ್ಲಿ 125 ಮತ್ತು 250 ಸಿ.ಸಿ. ಎರಡರಲ್ಲೂ ಮೊದಲ ಐದು ಸ್ಥಾನ ಹೋಂಡಾ ಬೈಕುಗಳಿಗೇ! 1965ರಲ್ಲಿ ಮೆಕ್ಸಿಕೊದಲ್ಲಿ ಫಾರ್ಮುಲಾ ಒನ್ ಕಾರ್ ರೇಸನ್ನೂ ಗೆದ್ದರು.

ಒಂದು ವಿಷಯ ಮಾತ್ರ ನನಗೆ ಸರಿ ಅನ್ನಿಸಲಿಲ್ಲ. ಎಂಜಿನ್ ತಣ್ಣಗಾಗಲು ನೀರು ಬೇಡ, ಗಾಳಿ ಸಾಕು ಅಂತ ಹಟ ಹಿಡಿದು ಒಂದು ಕಾರು ಮಾಡಿಸಿದರು. ಅವರ ತಂಡದ ಜಾನ್ ಸರ್ಟೀಸ್ ಅದನ್ನು ಓಡಿಸಲು ಒಪ್ಪಲಿಲ್ಲ. 1968ರ ಜುಲೈ 7ರಂದು ಫ್ರಾನ್ಸಿನಲ್ಲಿ ಅದನ್ನು ಓಡಿಸಿದ ಜೋ ಶ್ಲೆಸರ್ ಅಪಘಾತವಾಗಿ ಬೆಂಕಿಯಲ್ಲಿ ತೀರಿಕೊಂಡರು. ತಮ್ಮನನ್ನು ಹಾಗೆ ನೋಡಿದವರು ಆ ಮಾತು ಕೇಳಬೇಕಿತ್ತು. ಕೊನೆಗೆ ಕಂಪನಿಯ ಚಿಕ್ಕ ವಯಸ್ಸಿನ ಎಂಜಿನಿಯರುಗಳು ಹೇಳಿದ್ದಕ್ಕೆ ಒಪ್ಪಿ ನೀರಿನ ಎಂಜಿನ್ನಿಗೆ ಬಂದರು. 1973ರಲ್ಲಿ ಕೆಲಸದಿಂದ ನಿವೃತ್ತರಾದರು. 1991ರ ಆಗಸ್ಟ್ 5ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮಣ್ಣನ ಕೈ ಈಗ ಕೂಡಿದೆ. ಹೋದ ಭಾನುವಾರ ಕೊಟ್ಟಿಗೆಯಲ್ಲಿ ಎಂಜಿನ್ ಬಿಚ್ಚಿದ. ನಾನು ಸ್ಪ್ಯಾನರ್ ಕೊಡುತ್ತಿದ್ದೆ. ಪಿಸ್ಟನ್ ರಿಂಗ್ ತೆಗೆದು ನನ್ನ ಕೈಗಿಟ್ಟ, ಮಗುವಿನ ಬಳೆಯಷ್ಟು ಇತ್ತು. ಅಪ್ಪಾಜಿ ಬಾಗಿಲಿಗೆ ಬಂದು ನೋಡಿ, ಏನೂ ಅನ್ನದೆ ಒಳಗೆ ಹೋದರು. ಇದನ್ನು ಅವರು ಇಲ್ಲಿ ಗೋಡೆ ಮೇಲೆ ಓದುವುದಕ್ಕಿಂತ ಮುಂಚೆ ನಾನೇ ಹೇಳಬೇಕು.

– ಒಂಬತ್ತನೇ ತರಗತಿ